ಉತ್ತರ ಕೊಟ್ಟ ಮೊಲ

ಕತ್ತಲಲ್ಲಿ ನರಿಯನ್ನು ಹತ್ತಿರ ಸೆಳೆಯಲೆಂದು ನೆಸ್ಟಾ ಮುಷ್ಟಿಗೆ ತುಟಿಯೊತ್ತಿ ಗಾಯಗೊಂಡ ಮೊಲದ ಹಾಗೆ ಕೀರಲು ದನಿಯಲ್ಲಿ ಕೂಗಿದ್ದೇ ತಡ, ಕೆಳಗಿನ ಬೇಲಿಯಿಂದಲೂ ಮೊಲವೊಂದು ಚೀರಿತು. ಗಂಡ ಇಡ್ವಾಲ್ ದೀಪ ಹಾಕಿದ. ಬೇಲಿಯ ಮುಂದೆ ನರಿಯ ಕಣ್ಣೆರಡು ಹೊಳೆದವು.

"ಹೊಡಿಯೇ. ಐದು ಕುರಿಮರಿ ತಿಂದಿದೆ. ಇನ್ನೇನು, ಕೂರಿಸಿ ಚಹಾ ಕೊಡ್ತೀಯಾ?"

ಅವಳ ಬೆರಳು ಟ್ರಿಗರಿನ ಮೇಲೆ ಬಿಗಿಯಿತು. ಆದರೆ ಆ ಇನ್ನೊಂದು ಕೂಗು ಕಿವಿಯಲ್ಲೇ ಉಳಿದಿತ್ತು. ಒಂದು ಮೊಲ ಚೀರಿದರೆ ಉಳಿದ ಮೊಲಗಳು ಉಸಿರೆತ್ತುವುದಿಲ್ಲ. ಅವಳು ಬಂದೂಕು ಇಳಿಸಿದಳು.

"ದೀಪ ಬೇಲಿ ಮೇಲೆ ಬಿಡು."

"ನರಿ ಓಡ್ತಿದೆ ಕಣೇ."

"ಓಡ್ಲಿ. ಬಿಡು ಅಂದೆನಲ್ಲ."

ನರಿ ನಿಂತಿದ್ದ ಜಾಗದ ನೇರ ಹಿಂದೆ, ಬೇಲಿಯ ಬುಡಕ್ಕೆ ಬೆಳಕು ಬಿತ್ತು. ಪಕ್ಕದ ಹೊಲದ ಮುದುಕ ಗ್ವಿಲಿಮ್ ತೊಡೆಯ ಮೇಲೆ ಬಂದೂಕಿಟ್ಟುಕೊಂಡು ಕೂತಿದ್ದ, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು, ಮುಷ್ಟಿಯನ್ನಿನ್ನೂ ತುಟಿಗೊತ್ತಿಕೊಂಡೇ.