ತೆಗಿ ಎಂದರೆ ತೆರೆಯುವ ಬಾಗಿಲು

ಕೈಪಿಡಿಯಲ್ಲಿ ಎಲ್ಲೋ ಒಂದು ಸುಳ್ಳಿದೆ ಎಂಬ ಅನುಮಾನ ವಿದ್ಯಾಶ್ರೀಗೆ ಬಂದದ್ದು ಈ ವಾಕ್ಯ ಓದಿದಾಗ: 'ಒಳಗೆ ಸಿಕ್ಕಿಕೊಂಡವರು ತೆಗಿ ಎಂದರೆ ಸಾಕು, ಬಾಗಿಲು ತಾನಾಗಿಯೇ ತೆರೆಯುತ್ತದೆ.'

"ಈ 'ಸಾಕು' ಯಾರು ಬರೆದದ್ದು?" ಎಂದು ದುರ್ಗಿಗುಡಿಯ ಆಫೀಸಿನಲ್ಲಿ ಲೋಹಿತನನ್ನು ಕೇಳಿದಳು.

"ನಾನೇ. ಯಾಕೆ, ಕಾಗುಣಿತ ತಪ್ಪಾ?"

"ಕಾಗುಣಿತ ಸರಿ ಇದೆ. ನಿಜವಾ ಅಂತ ಕೇಳ್ತಿದೀನಿ."

"ಕೋಡ್ ನೋಡಿದ್ಯಲ್ಲ ಮಾರಾಯ್ತಿ?"

"ಕೋಡ್‌ನಲ್ಲಿ ತೆಗಿ ಅನ್ನೋ ಪದ ಇದೆ. ಬಾಗಿಲು ಇಲ್ಲ."

ಲೋಹಿತನ ಪುಟ್ಟ ಕಂಪನಿ ಮಾತು ಕೇಳಿ ಬಾಗಿಲು ತೆರೆಯುವ ಒಂದು ಪೆಟ್ಟಿಗೆ ತಯಾರಿಸಿತ್ತು. ಭದ್ರಾವತಿಯ ಮೀನಿನ ವ್ಯಾಪಾರಿ ಅಬ್ಬಾಸ್ ಅಲಿಯವರ ಕೋಲ್ಡ್ ರೂಮಿನಲ್ಲಿ ಅದನ್ನು ಕೂರಿಸಿಯೂ ಆಗಿತ್ತು. ಅಲ್ಲಿನ ಬಾಗಿಲಿನ ಒಳಹಿಡಿ ಮಂಜುಗಟ್ಟಿ ಮುರಿದ ಮೇಲೆ ಒಬ್ಬ ಲೋಡರ್ ಒಳಗೇ ಉಳಿದುಬಿಟ್ಟಿದ್ದ. ಹೊರಗೆ ತಂದಾಗ ಅವನ ಬೆರಳು ನೀಲಿಯಾಗಿದ್ದವು. ಈ ವಾಕ್ಯ ಸುಳ್ಳಾದರೆ ಮುಂದೆ ಸಿಕ್ಕಿಕೊಂಡವನು ಬದುಕುವುದಿಲ್ಲ. ನಿಜ ಎಂದು ವಿದ್ಯಾಶ್ರೀ ಸಹಿ ಹಾಕದೆ ಅಬ್ಬಾಸ್ ಅಲಿ ಪೆಟ್ಟಿಗೆಯನ್ನು ಒಪ್ಪುವುದಿಲ್ಲ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ಅವಳಿಗೆ ಸಂಬಳ ಬರುತ್ತಿದ್ದುದೇ ಬರೆದದ್ದನ್ನು ನಂಬದಿರುವುದಕ್ಕೆ.

ಮರುದಿನ ಭದ್ರಾವತಿ ಬಸ್ಸು ಹತ್ತಿದಳು. ಏಪ್ರಿಲ್ ಬಿಸಿಲಿನಲ್ಲಿ ಅವಳ ತೊಡೆಯ ಮೇಲಿದ್ದ ಸ್ವೆಟರ್, ಉಲ್ಲನ್ ಟೋಪಿ ನೋಡಿ ಕಂಡಕ್ಟರ್, "ಇದು ಊಟಿಗೆ ಹೋಗಲ್ಲ ಮೇಡಂ" ಎಂದ.

ಅಬ್ಬಾಸ್ ಅಲಿ ಮಾರ್ಕೆಟ್ಟಿಗೆ ಹೊರಟಿದ್ದರು. "ಆರಾಮಾಗಿ ಚೆಕ್ ಮಾಡಿ ಮೇಡಂ. ನೀವು ಹ್ಞೂಂ ಅಂದ್ರೆ ನಮ್ಮ ಕರಿಯಣ್ಣನ್ನ ನಾಳೆಯಿಂದ ಲಾರಿ ಕಡೆ ಹಾಕ್ತೀನಿ. ಸುಮ್ನೆ ಒಬ್ಬ ಆಳು ಇಲ್ಲಿ ದಂಡ."

ಬಾಗಿಲ ಪಕ್ಕದ ಸ್ಟೂಲಿನಿಂದ ಕರಿಯಣ್ಣ ಎದ್ದು ನಿಂತ. ಅರವತ್ತರ ಹತ್ತಿರದ ಮನುಷ್ಯ.

"ಅಯ್ಯೋ, ನೀವು ಕೂತ್ಕೊಳ್ಳಿ ಕರಿಯಣ್ಣೋರೆ. ನನ್ನ ಕೆಲಸ ನಾನು ನೋಡ್ಕೋತೀನಿ," ಎಂದಳು ವಿದ್ಯಾಶ್ರೀ. ಅವನ ಮುಖ ಅರಳಿತು.

ಅರ್ಧ ಗಂಟೆಯಲ್ಲಿ ತನ್ನ ಫೋನ್ ಬರದಿದ್ದರೆ ಅಬ್ಬಾಸ್ ಅಲಿಯವರಿಗೆ ತಿಳಿಸಬೇಕೆಂದು ಲೋಹಿತನಿಗೆ ಫೋನಿನಲ್ಲಿ ಹೇಳಿ ಅವಳು ಒಳಗೆ ಹೋದಳು. ಸ್ಪ್ರಿಂಗ್ ಬಾಗಿಲು ಬೆನ್ನ ಹಿಂದೆ ಮುಚ್ಚಿಕೊಂಡಿತು.

"ತೆಗಿ."

ಏನೂ ಆಗಲಿಲ್ಲ.

"ತೆಗಿ!"

ಬಾಗಿಲು ಹೊರಕ್ಕೆ ಸರಿಯಿತು. ಮೋಟರಿನ ಸದ್ದೇ ಇಲ್ಲ. ಲೋಹಿತ ಇಷ್ಟು ನಯವಾದ ಕೆಲಸ ಮಾಡಿಯಾನೆಂದು ಅವಳು ಎಣಿಸಿರಲಿಲ್ಲ. 'ಮೆಲುದನಿ ಸಾಲದು' ಎಂದು ಕೈಪಿಡಿಯ ಅಂಚಿನಲ್ಲಿ ಬರೆದುಕೊಂಡಳು. 'ಸಾಕು' ಎಂಬ ಪದಕ್ಕೆ ಅಡ್ಡಗೆರೆ ಎಳೆದಳು.

ತೆರೆದ ಬಾಗಿಲಿನ ಹಿಂದೆ ಕರಿಯಣ್ಣ ಅರ್ಧ ಮರೆಯಾಗಿ ನಿಂತಿದ್ದ. "ಪಕ್ಕಕ್ಕೆ ನಿಲ್ಲಿ ಕರಿಯಣ್ಣೋರೆ, ಬಾಗಿಲು ತಾಗೀತು."

"ಪಕ್ಕಕ್ಕೆ ನಿಂತ್ರೆ ಆದ ಹಾಗೇ," ಎಂದು ಅವನು ಗೊಣಗಿದ. ಅರಳಿದ್ದ ಮುಖ ಅಷ್ಟರಲ್ಲೇ ಬಾಡಿತ್ತು.

ಕ್ರೇಟುಗಳ ಹಿಂದಿನಿಂದ ಕೂಗಿದಳು. ಬಾಯಿಗೆ ಟವೆಲ್ ಕಟ್ಟಿಕೊಂಡು ಕೂಗಿದಳು. ತುಸು ತಡವಾದರೂ ಬಾಗಿಲು ತೆರೆಯಿತು. ಒಂದು ಸಲ ಮಾತ್ರ ತೆರೆಯಲಿಲ್ಲ. ಕಂಪ್ರೆಸರ್ ಗುಡುಗುತ್ತಿತ್ತು, ಉಸಿರು ಹೊಗೆಯಾಗುತ್ತಿತ್ತು, ಒಳಗೆ ಫೋನಿಗೆ ಸಿಗ್ನಲ್ ಇರಲಿಲ್ಲ. "ತೆಗಿ! ಬೇಗ ತೆಗಿ!" ಎಂದು ಬಾಗಿಲು ಗುದ್ದಿದಳು. ಆ ಲೋಡರನ ಬೆರಳು ನೆನಪಾದವು. ಎರಡೂ ಕೈಯಿಂದ ಗುದ್ದುವ ಹೊತ್ತಿಗೆ ಬಾಗಿಲು ತೆರೆಯಿತು. ಹೊರಗೆ ಕರಿಯಣ್ಣ, ಒಂದು ಕೈಯಲ್ಲಿ ಚಹಾ ಲೋಟ ಹಿಡಿದು, ಅವಳನ್ನು ದುರುಗುಟ್ಟಿ ನೋಡುತ್ತಿದ್ದ. ಅವಳು ಬರೆದುಕೊಂಡಳು: 'ಕಂಪ್ರೆಸರ್ ಓಡುವಾಗ ಬಿಡದೆ ಕೂಗುತ್ತಿರಬೇಕು.'

ಮುಂದಿನ ಸಲ ಹಲ್ಲು ಕಟಕಟ ಎನ್ನುತ್ತಿತ್ತು. ಅಭ್ಯಾಸಬಲದಿಂದ ಬಾಯಿ ತಪ್ಪಿ, "ತೆಗೀರಿ" ಎಂದುಬಿಟ್ಟಳು.

ತಟ್ಟನೆ ತೆರೆಯಿತು.

ಅವಳು ಮತ್ತೆ ಒಳಗೆ ಹೋದಳು. 'ತೆಗಿ' ಎಂದರೆ ನಿಧಾನ. 'ತೆಗೀರಿ' ಎಂದರೆ ಆ ಕ್ಷಣವೇ. ಎಷ್ಟು ಸಲ ಪರೀಕ್ಷಿಸಿದರೂ ಹಾಗೆಯೇ. ಹೊರಬಂದು ಲೋಹಿತನಿಗೆ ಫೋನ್ ಮಾಡಿದಳು.

"ಕೋಡ್‌ನಲ್ಲಿ 'ತೆಗೀರಿ' ಇದೆಯಾ?"

"ಇಲ್ಲ. ಯಾಕೆ?"

"ತೆಗೀರಿ ಅಂದ್ರೆ ಇನ್ನೂ ಬೇಗ ತೆರೆಯುತ್ತೆ."

 ಲೋಹಿತನ ದನಿ ಮೊದಲ ಮಗು ನಡೆದದ್ದನ್ನು ಕಂಡ ಅಪ್ಪನದಾಯಿತು. "ಅದು ಕಲೀತಾ ಇದೆ ಮಾರಾಯ್ತಿ! ಇಲ್ಲಿ ಸ್ಕ್ರೀನ್ ಮೇಲೆ ಕಾಣ್ತಿದೆ, ನೀನು ಹೋದಾಗೆಲ್ಲ ಬಾಗಿಲು ತೆರೆದಿದೆ. ಇನ್ನೇನು ಸಾಕ್ಷಿ ಬೇಕು ನಿಂಗೆ?"

ಬರೆದದ್ದನ್ನು ನಂಬದವಳು ಕಣ್ಣಾರೆ ಕಂಡದ್ದನ್ನು ನಂಬದಿರುವುದು ಹೇಗೆ? ಅವಳು ವಾಕ್ಯವನ್ನು ತಿದ್ದಿದಳು: 'ಒಳಗೆ ಸಿಕ್ಕಿಕೊಂಡವರು ಗಟ್ಟಿಯಾಗಿ ತೆಗಿ ಎಂದರೆ ಬಾಗಿಲು ತಾನಾಗಿಯೇ ತೆರೆಯುತ್ತದೆ. ಮರ್ಯಾದೆಯಿಂದ ಹೇಳಿದರೆ ಇನ್ನೂ ಬೇಗ ತೆರೆಯುತ್ತದೆ.' ಕೆಳಗೆ ಸಹಿ ಹಾಕಿ, ಪುಟದ ಫೋಟೋ ತೆಗೆದು ಲೋಹಿತ, ಅಬ್ಬಾಸ್ ಅಲಿ ಇಬ್ಬರಿಗೂ ಕಳಿಸಿದಳು. ಇಷ್ಟು ಕೂಲಂಕಷವಾಗಿ ಯಾವ ವಾಕ್ಯವನ್ನೂ ಅವಳು ಈವರೆಗೆ ಪರೀಕ್ಷಿಸಿರಲಿಲ್ಲ.

ಅಬ್ಬಾಸ್ ಅಲಿ ಕೂಡಲೇ ಫೋನ್ ಮಾಡಿದರು. "ಶುಕ್ರಿಯಾ ಮೇಡಂ. ಕರಿಯಣ್ಣನಿಗೆ ಹೇಳಿಬಿಡಿ, ನಾಳೆಯಿಂದ ಲಾರಿ ಕಡೆ."

"ನಾಳೆಯಿಂದ ನೀವು ಲಾರಿ ಕಡೆಯಂತೆ ಕರಿಯಣ್ಣೋರೆ," ಎಂದಳು ವಿದ್ಯಾಶ್ರೀ, ಸ್ವೆಟರ್ ಮಡಚುತ್ತ. "ನಿಮಗೂ ಆರಾಮ."

ಕರಿಯಣ್ಣ ಬಲಗೈ ರಟ್ಟೆಯನ್ನು ನೀವಿಕೊಂಡ. ಬೆಳಿಗ್ಗೆಯಿಂದ ನುಂಗಿಕೊಂಡದ್ದು ಈಗ ಹೊರಗೆ ಬಂತು.

"ಹೋಗ್ತೀನಿ ಬಿಡಿ. ಆದ್ರೆ ಒಂದು ಮಾತು ಮೇಡಂ. ಹೊರಗಿದ್ದಾಗ ಕೂತ್ಕೊಳ್ಳಿ, ನಿಲ್ಲಿ ಅಂತೀರಿ, ಒಳಗೆ ಹೋದ ಕೂಡ್ಲೆ ತೆಗಿ, ಬೇಗ ತೆಗಿ ಅಂತ ಏಕವಚನ. ನಿಮ್ಮಪ್ಪನ ವಯಸ್ಸಿನವನು, ಆ ಬಾಗಿಲು ಎಳೆದು ಎಳೆದು ರಟ್ಟೆ ಬಿದ್ದೋಯ್ತು. ಮೊದಲಿಂದ್ಲೇ ತೆಗೀರಿ ಅಂದಿದ್ರೆ ನಾನೇನು ತೆಗೀತಿರಲಿಲ್ವಾ?"