ಸರ್ವಿಸಿಗೆ ಬಿಟ್ಟ ಗಾಡಿ

ಪೂಜೆ ಮುಗಿಸಿ ಮುರಿಗೆಪ್ಪ ಗಾಡಿ ಹೊರಡಿಸಿದ. ಎಂಜಿನ್ ಗುರ್ರೆಂದಿತು, ಗೇರು ಬಿತ್ತು, ರೇಡಿಯೋ ಶುರುವಾಯಿತು. ಹಾಡುತ್ತಿದ್ದವನು ಮಾತ್ರ ಯಾವನೋ ಗುರುತು ಪರಿಚಯ ಇಲ್ಲದವನು.

"ಸ್ಟೇಶನ್ ಬದಲಿ ಮಾಡ್ರಿ," ಪಕ್ಕದಲ್ಲಿ ಕುಳಿತಿದ್ದ ಹೆಂಡತಿ ಸುಮಿತ್ರಮ್ಮ ಅಂದಳು.

ಬದಲಿಸಿದ. ಮತ್ತೆ ಬದಲಿಸಿದ. ಎಲ್ಲ ಸ್ಟೇಶನ್ನುಗಳನ್ನು ಸುತ್ತಿ ಬಂದರೂ ಅವಳಿಗೆ ಬೇಕಿದ್ದ ಹಾಡು ಸಿಗಲಿಲ್ಲ.

ಗಾಡಿ ಅಂದರೆ ಓಕ್‌ವಿಲ್ಲಿನ ಮನೆಯ ಬೇಸ್‌ಮೆಂಟಿನಲ್ಲಿದ್ದ ವಿಡಿಯೋ ಗೇಮು. ದೊಡ್ಡ ಟೀವಿ, ಮೇಜಿಗೆ ಬಿಗಿದ ಸ್ಟೀರಿಂಗು, ಕಾಲ ಕೆಳಗೆ ಪೆಡಲು. ಕಾರ್ ಫ್ಯಾಕ್ಟರಿಯಲ್ಲಿ ಎಂಜಿನಿಯರಾಗಿ ರಿಟೈರಾದ ಮುರಿಗೆಪ್ಪ ತಲೆಸುತ್ತು ಬಂದು ಸ್ವಂತ ಗ್ಯಾರೇಜಿನ ಬಾಗಿಲಿಗೇ ಕಾರು ಗುದ್ದಿದ ಮೇಲೆ, ಮಗಳು ನೀನಾ ನಿಜವಾದ ಕೀಲಿ ಕಿತ್ತುಕೊಂಡು ಇದನ್ನು ಕೊಡಿಸಿದ್ದಳು. ಸುಮಿತ್ರಮ್ಮನ ಕಣ್ಣುಗಳನ್ನು ಸಕ್ಕರೆ ಕಾಯಿಲೆ ಎಂದೋ ತಿಂದು ಮುಗಿಸಿತ್ತು. ಟೀವಿ ಕಾಣದಿದ್ದರೇನು, ಎಂಜಿನ್ನಿನ ಸದ್ದು ಮತ್ತು ರೇಡಿಯೋ ಅವಳಿಗೆ ಸಾಕಾಗಿತ್ತು. ದಿನಾ ಸಂಜೆ ಸ್ವೆಟರ್ ಹಾಕಿಕೊಂಡು, ಪರ್ಸು ತೊಡೆಯ ಮೇಲಿಟ್ಟುಕೊಂಡು ಬಂದು ಕೂರುತ್ತಿದ್ದಳು. ಆ ರೇಡಿಯೋದಲ್ಲಿ ಯಾವಾಗಲಾದರೊಮ್ಮೆ ಗೊಗ್ಗರು ದನಿಯ ಹೆಂಗಸೊಬ್ಬಳ ಹಳೆಯ ಇಂಗ್ಲಿಷ್ ಹಾಡು ಬರುತ್ತಿತ್ತು. ಹೊಸದಾಗಿ ಮದುವೆಯಾಗಿ ಹುಬ್ಬಳ್ಳಿಯಿಂದ ಈ ಪರದೇಶಕ್ಕೆ ಬಂದಿಳಿದ ದಿನ, ಏರ್‌ಪೋರ್ಟಿನಿಂದ ಮಾಲ್ಟನ್ನಿನ ಬಾಡಿಗೆ ಮನೆಗೆ ಹೋಗುವಾಗ, ಗಂಡನ ತುಕ್ಕು ಹಿಡಿದ ಕಾರಿನಲ್ಲಿ ಅವಳು ಕೇಳಿದ್ದು ಅದೇ ಹಾಡು. ಅದು ಬಂದ ಸಂಜೆ ಸುಮಿತ್ರಮ್ಮ ಒಂದು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದಳು.

ಅಪ್‌ಡೇಟ್ ಮಾಡಲೇ ಎಂದು ಗೇಮು ಎಷ್ಟೋ ದಿನದಿಂದ ಕೇಳುತ್ತಿತ್ತು. ಮುರಿಗೆಪ್ಪ ತಡೆದು ಇಟ್ಟಿದ್ದು ದಸರೆಯ ಖಂಡೆ ಪೂಜೆಗಾಗಿ. ಪೂಜೆಗೆ ಮುಂಚೆ ಗಾಡಿ ಸರ್ವಿಸ್ ಆಗಿರಬೇಕು ಎನ್ನುವುದು ಮೊದಲ ಕಾರಿನಿಂದ ಅವನು ಪಾಲಿಸಿಕೊಂಡು ಬಂದ ನೇಮ. ಸರ್ವಿಸ್ ಆಗದ ಗಾಡಿಗೆ ವಿಭೂತಿ ಹಚ್ಚುವುದೆಂದರೆ ಸ್ನಾನ ಮಾಡದೆ ಪೂಜೆಗೆ ಕೂತ ಹಾಗೆ. ಹಬ್ಬದ ಬೆಳಿಗ್ಗೆ ಎದ್ದವನೇ 'ಯೆಸ್' ಒತ್ತಿದ್ದ. ಅಪ್‌ಡೇಟ್ ಮುಗಿದ ಮೇಲೆಯೇ ಸ್ಟೀರಿಂಗಿಗೆ ವಿಭೂತಿ, ಚೆಂಡುಹೂವು, ಪೆಡಲಿನ ಕೆಳಗೆ ಲಿಂಬೆಹಣ್ಣು.

ಗೇಮಿನ ಹಾಡಿನ ಪಟ್ಟಿಯಲ್ಲೂ ಅದು ಕಾಣದಾದಾಗ ಅರೋರಾದಲ್ಲಿದ್ದ ನೀನಾಳಿಗೆ ಫೋನು ಹೋಯಿತು.

"ಪಪ್ಪಾ, ಇಟ್ಸ್ ಎ ಲೈಸೆನ್ಸಿಂಗ್ ಥಿಂಗ್. ಆ ಸಾಂಗಿಂದು ಅಗ್ರಿಮೆಂಟ್ ಮುಗದೈತಿ. ಸೋ ಅಪ್‌ಡೇಟ್‌ನ್ಯಾಗ ತಗದಾರ."

"ರೊಕ್ಕ ಕೊಟ್ಟು ತಗೊಂಡೀವಲ್ಲ?"

"ಗೇಮ್ ತಗೊಂಡೀವಿ. ಸಾಂಗ್ ನಮ್ಮದಲ್ಲ. ಈಗ ಹಳೇ ವರ್ಶನ್ನಿಗೆ ವಾಪಸ್ ಹೋಗಾಕೂ ಬರೂದಿಲ್ಲ."

"ಸರ್ವಿಸಿಗೆ ಬಿಟ್ಟ ಗಾಡಿ ಒಳಗಿನ ಸಾಮಾನ ಬಿಚ್ಚಿಕೊಂಡು ಹೋಗೂದು ಯಾವ ಊರ ಪದ್ಧತಿ?"

"ವೈ ಆರ್ ಯು ಯೆಲ್ಲಿಂಗ್ ಅಟ್ ಮೀ? ಫೋನ್‌ನ್ಯಾಗ ಹಾಕ್ರಿ ಪಪ್ಪಾ, ಎಲ್ಲಾ ಸಾಂಗ್ ಸಿಗತಾವ."

ಮುರಿಗೆಪ್ಪ ಗೇಮಿನ ಕಂಪನಿಗೂ ಬೈದು ಬರೆದ. ಹಾಡಿನ ಕರಾರು ಮುಗಿದಿದೆ, ಬದಲಿಗೆ ಹೊಚ್ಚ ಹೊಸ ಹಾಡುಗಳನ್ನು ಕೊಟ್ಟಿದ್ದೇವೆ, ನಿಮ್ಮ ಪ್ರಯಾಣ ಸುಖಕರವಾಗಿರಲಿ ಎಂದು ಉತ್ತರ ಬಂತು. ಓದಿ ಅವನ ಮೈಯೆಲ್ಲ ಉರಿದುಹೋಯಿತು. ಕಳ್ಳನಾದರೂ ಕದ್ದ ಮೇಲೆ ಬಾಗಿಲಲ್ಲಿ ನಿಂತು ಹರಸಿ ಹೋಗುವುದಿಲ್ಲ.

ಮರುದಿನ ಸಂಜೆ ಸುಮಿತ್ರಮ್ಮ ಎಂದಿನಂತೆ ಸ್ವೆಟರ್ ಹಾಕಿಕೊಂಡು ಬಂದಳು. ಮುರಿಗೆಪ್ಪ ಗೇಮಿನ ರೇಡಿಯೋವನ್ನು ಮೊದಲೇ ಬಂದ್ ಮಾಡಿ, ಫೋನನ್ನು ಟೀವಿಗೆ ಒರಗಿಸಿಟ್ಟಿದ್ದ. ಗಾಡಿ ಊರು ದಾಟಿದ ಮೇಲೆ ಸದ್ದಿಲ್ಲದೆ ಕೈ ಚಾಚಿ ಒತ್ತಿದ. ಮೊದಲು ಹಾಸಿಗೆ ಅಂಗಡಿಯ ಜಾಹೀರಾತು ಬಂತು. ಅವನು ಹಲ್ಲು ಕಚ್ಚಿದ. ರೇಡಿಯೋ ಅಂದ ಮೇಲೆ ಜಾಹೀರಾತು ಇದ್ದದ್ದೇ ಎಂದುಕೊಂಡಳು ಸುಮಿತ್ರಮ್ಮ. ಆಮೇಲೆ ಆ ಗೊಗ್ಗರು ದನಿ ಕೇಳಿಸಿತು.

"ಬಂತಲ್ರಿ," ಅವಳ ಮುಖ ಅರಳಿತು. "ಕಂಪನಿಯವರಿಗೆ ನೀವು ಬೈದದ್ದು ಚಲೋ ಆತು."

"ಬೈದರ ಕೇಳತಾರ," ಅಂದ ಮುರಿಗೆಪ್ಪ. ಸುಳ್ಳು ಹೇಳಿದ್ದಕ್ಕೆ ಬೇಸರವೇನೂ ಆಗಲಿಲ್ಲ. ಅವಳ ಬೆರಳು ಪರ್ಸಿನ ಮೇಲೆ ತಾಳ ಹಾಕುವುದನ್ನು ನೋಡುತ್ತ ಇನ್ನಷ್ಟು ಜೋರಾಗಿ ಓಡಿಸಿದ.

ಗಾಡಿ ಗುಡ್ಡದ ಸುರಂಗಕ್ಕೆ ನುಗ್ಗಿತು. ಎಂಜಿನ್ನಿನ ಸದ್ದು ಗೋಡೆಗೆ ಬಡಿದು ಇಮ್ಮಡಿಯಾಯಿತು. ಇಲ್ಲಿ ರೇಡಿಯೋ ಯಾವಾಗಲೂ ಕರಕರ ಎಂದು ಕ್ಷೀಣವಾಗಿ, ಆಚೆ ಬಂದ ಮೇಲೆ ಸರಿಹೋಗುತ್ತಿತ್ತು. ಸುಮಿತ್ರಮ್ಮನ ಬೆರಳು ನಿಂತಿತು.

"ರೀ, ಸುರಂಗದಾಗ ಅದೀವಲ್ಲ?"

"ಹೂಂ."

"ಹಾಡು ಸಣ್ಣ ಆಗವಲ್ದು."

ಮುರಿಗೆಪ್ಪ ಬ್ರೇಕ್ ಒತ್ತಿದ. "ಫೋನ್‌ನ್ಯಾಗ ಹಚ್ಚೀನಿ," ಅಂದ. "ಅದ ಹಾಡಲ್ಲೇನು? ಇನ್ನ ಮ್ಯಾಲೆ ಬೇಕಂದಾಗ ಹಚ್ಚಬಹುದು."

"ಬೇಕಂದಾಗ ಹಚ್ಚೂದಾದರ ಅಡಗಿ ಮನಿಯಾಗ ಕೂತು ಕೇಳತಿದ್ನಿ. ಅದು ಹಾದಿಯೊಳಗ ತಾನಾಗೇ ಬರಬೇಕ್ರಿ."

ಸಿಟ್ಟಿನಲ್ಲಿ ಅವನು ಫೋನನ್ನೂ ಗೇಮನ್ನೂ ಬಂದ್ ಮಾಡಿದ. ಹಾಡು ನಿಂತಿತು, ಎಂಜಿನ್ನೂ ನಿಂತಿತು. ಸುಮಿತ್ರಮ್ಮ ತನ್ನ ಎರಡೂ ಬದಿಗೆ ಕೈ ಆಡಿಸಿ, ಕೂತ ಜಾಗದ ಅಂಚನ್ನು ನಿಧಾನಕ್ಕೆ ತಡವಿದಳು.

"ಇಷ್ಟ ದಿನ ಕಾರಿನಾಗ ಕೂತಿದ್ನಿ," ಅಂದಳು. "ಇದು ಕುರ್ಚಿ."