ಅಂಗಡಿ ಬೋರ್ಡು

ಎದೆ ಡವಡವ ಹೊಡೆದುಕೊಂಡು, ಕೈ ತಣ್ಣಗಾಗಿ, ಈಗಲೇ ಸತ್ತುಹೋಗುತ್ತೇನೆ ಎಂದು ಅವಳಿಗೆ ಅನ್ನಿಸಿದಾಗಲೆಲ್ಲ ಗಂಡ ಹೇಳುತ್ತಿದ್ದದ್ದು ಒಂದೇ ಮಾತು. "ನಿನ್ನ ನಾಟಕ ಸಾಕು. ಜನರ ಮುಂದೆ ನನ್ನ ಮಾನ ಕಳೀಬೇಡ."

ಕೊನೆಗೊಂದು ದಿನ ಅವನಿಗೆ ಹೇಳದೆ ಆಪ್ತಸಮಾಲೋಚಕಿಯ ಬಳಿ ಹೋದಳು.

"ಇದು ನಾಟಕ ಅಲ್ಲಮ್ಮ, ಪ್ಯಾನಿಕ್ ಅಟ್ಯಾಕ್. ಹತೋಟಿಗೆ ತರಬಹುದು," ಎಂದರು ಆಕೆ. "ಶುರುವಾದ ತಕ್ಷಣ ಕಣ್ಣಿಗೆ ಕಂಡದ್ದನ್ನ ಒಂದೊಂದಾಗಿ ಬಾಯಿಬಿಟ್ಟು ಹೇಳ್ತಾ ಹೋಗಿ. ರಸ್ತೇಲಿದ್ರೆ ಅಂಗಡಿ ಬೋರ್ಡು ಓದಿ. ಇಲ್ಲಿಗೆ ಬರೋರಿಗೆಲ್ಲ ಮೊದಲು ಕಲಿಸೋದೇ ಇದನ್ನ."

ಸಂಜೆ ಗಂಡನ ಸ್ಕೂಟರಿನ ಹಿಂದೆ ಕೂತಿದ್ದಳು. ಮೇಲ್ಸೇತುವೆಯ ಕೆಳಗೆ ವಾಹನಗಳು ಒಂದಕ್ಕೊಂದು ಒತ್ತಿಕೊಂಡು ನಿಂತುಬಿಟ್ಟವು. ಅವನು ಎಂದಿನಂತೆ ಗೊಣಗತೊಡಗಿದ.

"ಶ್ರೀಗುರು ಟೈಲರ್ಸ್... ಕಾವೇರಿ ಬೇಕರಿ... ನ್ಯೂ ಭಾರತ್ ಸೈಕಲ್ ಶಾಪ್..."

ಮದುವೆಯಾದಾಗಿನಿಂದ ಅವಳು ನಕ್ಕು ಸುಮ್ಮನಾಗುತ್ತಿದ್ದ ಅವನ ಚಾಳಿ ಅದು. ಇವತ್ತು ನಗು ಬರಲಿಲ್ಲ.

"ರೀ, ಹೀಗೆ ಬೋರ್ಡು ಓದೋದನ್ನ ನಿಮಗೆ ಯಾರು ಹೇಳ್ಕೊಟ್ಟಿದ್ದು?"

ಓದು ನಿಂತಿತು. ಅವನು ಹಿಂದಿರುಗಿ ನೋಡಲಿಲ್ಲ.

"ನೀನೂ ಆ ಮೇಡಂ ಹತ್ರ ಹೋಗಿದ್ಯಾ?"